ಬಾಗಿಲು ಹಾಕಿದ ದಿನಗಳ ಲೆಕ್ಕ

ವಿದ್ಯಾರ್ಥಿನಿಯರ ವಸತಿಗೃಹ, ಖಾರ್ತೂಮ್
ಮಾರ್ಚ್ ೯, ಸೋಮವಾರ

ಪ್ರೀತಿಯ ಸಿತ್ತನಾ,

ನಿನಗೂ, ಅಮ್ಮನಿಗೂ, ರೈಲ್ವೆ ವರ್ಕ್‌ಶಾಪಿನ ಎಣ್ಣೆ ಕೈಯಲ್ಲೇ ನನಗೆ ಚಹಾ ಬಗ್ಗಿಸಿ ಕೊಡುತ್ತಿದ್ದ ನಿನ್ನ ಅಪ್ಪನಿಗೂ ಸಲಾಂ. ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಗಂಟಲು ಮಾತ್ರ ಪೂರ್ತಿ ಕಟ್ಟಿಹೋಗಿದೆ, ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ.

ನಿನ್ನ ಪತ್ರ ಬಂದು ಮೂರು ವಾರವಾಯಿತು. ಟ್ರಂಕಿಗೆ ಹೊಸ ಬೀಗ ಹಾಕಿಸಿದ್ದು, ಅಮ್ಮ ಉಡಲು ಹೊಸ ತೋಬ್ ತಂದು ಇಟ್ಟದ್ದು, "ದೇಶದ ಒಂಟೆಗಳಿಗೆಲ್ಲ ಇನ್ನು ನನ್ನ ಮಗಳೇ ಡಾಕ್ಟರು" ಎಂದು ಅಪ್ಪ ಅತ್ಬರಾದ ಬೀದಿಬೀದಿಯಲ್ಲಿ ಸಾರಿಕೊಂಡು ಬಂದದ್ದು ಎಲ್ಲ ಓದಿದೆ. ಮೊದಲ ಎರಡೂವರೆ ವಾರ ಸೋಮಾರಿತನದಿಂದ ಉತ್ತರ ಬರೆಯಲಿಲ್ಲ, ಅದಕ್ಕೆ ಕ್ಷಮೆ ಇರಲಿ. ಕಳೆದ ನಾಲ್ಕು ದಿನ ಬರೆಯದಿದ್ದದ್ದು ಹೆದರಿಕೆಯಿಂದ. ನಾಲ್ಕು ಹಾಳೆ ಹರಿದು ಹಾಕಿದ್ದೇನೆ, ಇದು ಐದನೆಯದು. ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಉತ್ತರಕ್ಕೆ ಹೊರಡುವ ಗಾಡಿಯ ಗಾರ್ಡ್ ನಿನ್ನ ಅಪ್ಪನ ಗುರುತಿನವರಂತೆ, ಅವರ ಕೈಯಲ್ಲೇ ಕೊಡುತ್ತೇನೆ.

ನಿನಗೆ ಸುತ್ತಿ ಬಳಸಿ ಮಾತಾಡಿದರೆ ಆಗುವುದಿಲ್ಲ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಶನಿವಾರದ ರೈಲು ಹತ್ತಬೇಡ. ಭಾನುವಾರ ನಿನ್ನ ಹೆಸರನ್ನು ಯಾರೂ ದಾಖಲು ಮಾಡಿಕೊಳ್ಳುವುದಿಲ್ಲ. ಎರಡು ವರ್ಷದ ಹಿಂದೆ ಗೋಡೆಪತ್ರಿಕೆ ಅಂಟಿಸಿದ್ದಕ್ಕೆ ಹೊರಹಾಕಿದ ನಿಮ್ಮ ಹದಿನೇಳು ಜನರನ್ನು ವಾಪಸು ತೆಗೆದುಕೊಳ್ಳುತ್ತೇವೆ ಎಂದು ಡೀನ್ ಮಕ್ಕಾವಿ ಫೆಬ್ರವರಿ ಎರಡರಂದು ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಎಂದು ನನ್ನ ಜೊತೆ ಸಹಿ ಮಾಡಿದ ಒಪ್ಪಂದ ಬಿದ್ದುಹೋಗಿದೆ. ಬೀಳಿಸಿದವಳು ನಾನು. ಈ ಹಾಳೆಯನ್ನೂ ಹರಿದು ಹಾಕುವುದಿದ್ದರೆ ಪೂರ್ತಿ ಓದಿದ ಮೇಲೆ ಹರಿ.

ಕಳೆದ ಬುಧವಾರ ಎಂದಿನಂತೆ ನಮ್ಮ ಸಭೆಯ ಮೂಲೆಗೆ ಹೋದೆ. ಗ್ರಂಥಾಲಯದ ಹಿಂದಿನ ಬೇವಿನ ಮರ, ಅದರ ಬುಡದಲ್ಲಿ ನಮ್ಮ ಕಾಲು ಕುಂಟುವ ಸ್ಟೂಲು, ಪಕ್ಕದಲ್ಲಿ ಹವ್ವಾಳ ಚಹಾ ಒಲೆ, ಯಾವುದೂ ಬದಲಾಗಿಲ್ಲ. ಸಂಘದ ಅಧ್ಯಕ್ಷರು ಬುಧವಾರ ಅಲ್ಲಿ ನಿಂತು ವಾರದ ವರದಿ ಒಪ್ಪಿಸಬೇಕು, ಕೊನೆಯ ಪ್ರಶ್ನೆಗೆ ಉತ್ತರ ಕೊಡುವ ತನಕ ಸ್ಟೂಲಿನಿಂದ ಇಳಿಯಬಾರದು, ಉತ್ತರ ಗೊತ್ತಿಲ್ಲದಿದ್ದರೆ ಇಂಥ ಹೊತ್ತಿಗೆ ಕೊಡುತ್ತೇನೆ ಎಂದು ಗಂಟೆ ಹೇಳಿ ಇಳಿಯಬೇಕು ಎಂಬ ಪದ್ಧತಿಯೂ ಹಾಗೇ ಇದೆ. ಭೋಜನಶಾಲೆಯ ಬೇಯಿಸಿದ ಫೂಲ್ ಕಾಳಿನಲ್ಲಿ ಕಲ್ಲು ಸಿಕ್ಕಿದ ವಿಚಾರಕ್ಕೇ ಮುಕ್ಕಾಲು ಗಂಟೆ ಹೋಯಿತು. ಒಬ್ಬ ಹುಡುಗ ಮುರಿದ ಹಲ್ಲಿನ ಚೂರನ್ನೇ ಕಾಗದದಲ್ಲಿ ಸುತ್ತಿ ತಂದಿದ್ದ.

ಅಷ್ಟರಲ್ಲಿ ಹಸಬೂ ಮೇಷ್ಟ್ರು ಬೆರಳೆತ್ತಿದರು. ನೀನು ಅವರನ್ನು ನೋಡಿಲ್ಲ. ಕೊರ್ದೊಫಾನಿನ ಹಳ್ಳಿಶಾಲೆಯಲ್ಲಿ ಒಂಬತ್ತು ವರ್ಷ ಪಾಠ ಹೇಳಿ, ಮೂವತ್ತು ದಾಟಿದ ಮೇಲೆ ಪದವಿಗೆ ಸೇರಿದ್ದಾರೆ. ಪ್ರಾಧ್ಯಾಪಕರ ಹಲಗೆಯ ಮೇಲಿನ ತಪ್ಪನ್ನೂ ಎದ್ದು ಹೋಗಿ ತಿದ್ದಿ ಬರುವ ಜಾತಿ.

"ಒಂದು ಕ್ರಿಯಾಲೋಪ ಇದೆ," ಎಂದರು. ಎಲ್ಲರೂ ನಕ್ಕರು. ನಮ್ಮಲ್ಲಿ ಮದುವೆಯ ಊಟದ ಸಾಲಿನಲ್ಲೂ ಕ್ರಿಯಾಲೋಪ ಎತ್ತುವವರಿದ್ದಾರಲ್ಲ.

"ಎತ್ತಿ ಮೇಷ್ಟ್ರೇ," ಎಂದೆ.

"ತಂಗಿ, ನೀನು ಪ್ರಮಾಣ ತಗೊಂಡಿದ್ದು ಯಾವತ್ತು?"

"ಹೋದ ವರ್ಷ ಜನವರಿ ಇಪ್ಪತ್ತು."

"ಸಂಘದ ಅವಧಿ ಎಷ್ಟು?"

"ಒಂದು ವರ್ಷ."

"ಇವತ್ತು ತಾರೀಕು?"

"ಮಾರ್ಚ್ ನಾಲ್ಕು," ಎನ್ನುತ್ತಲೇ ಬೆರಳಲ್ಲಿ ತಿಂಗಳು ಎಣಿಸಿದೆ. ಹವ್ವಾ ಒಲೆಗೆ ಬೀಸಣಿಗೆ ಬೀಸುವುದನ್ನು ನಿಲ್ಲಿಸಿ, "ಅಯ್ಯೋ ನನ್ನಪ್ಪಾ, ಹುಡುಗಿ ಹಳಸಿಹೋಗಿದ್ದಾಳೆ!" ಎಂದಳು. ಇಡೀ ಮೂಲೆ ನಕ್ಕಿತು, ನಾನೂ ನಕ್ಕೆ.

ಇಂಥ ತಪ್ಪು ನಮ್ಮ ದೇಶದವರು ಮಾತ್ರ ಮಾಡಲು ಸಾಧ್ಯ ಸಿತ್ತನಾ. ಹೋದ ವರ್ಷ ಜೂನ್‌ನಿಂದ ಅಕ್ಟೋಬರ್‌ವರೆಗೆ ಐದು ತಿಂಗಳು ವಿಶ್ವವಿದ್ಯಾಲಯಕ್ಕೆ ಬಾಗಿಲು ಹಾಕಿದ್ದರು. ಬಾಗಿಲು ಹಾಕಿದ ದಿನಗಳನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕು ವರ್ಷದ ಪದವಿಗೆ ಏಳು ವರ್ಷ ಹಿಡಿದರೂ ಮನೆಯವರು ಕೇಳಿದರೆ "ಈಗ ಮೂರನೇ ವರ್ಷ" ಎನ್ನುತ್ತೇವೆ. ಹಾಗೆಯೇ ಸಂಘಕ್ಕೂ ಈ ಜೂನ್‌ವರೆಗೆ ಅವಧಿ ಇದೆ ಎಂದುಕೊಂಡು ಹನ್ನೊಂದೂ ಜನ ಪದಾಧಿಕಾರಿಗಳು ಹಾಯಾಗಿದ್ದೆವು. ಕಾನೂನು ಓದುತ್ತಿರುವ ನಾನೂ ಹಾಗೇ ಇದ್ದೆ, ನನ್ನನ್ನೇನು ಮಾಡಬೇಕು ಹೇಳು! ನಿಯಮಾವಳಿಯಲ್ಲಿ ಬಾಗಿಲಿನ ಮಾತೇ ಇಲ್ಲ. ಪ್ರಮಾಣ ಮಾಡಿದ ದಿನದಿಂದ ಹನ್ನೆರಡು ತಿಂಗಳು, ಯಾವ ಕಾರಣಕ್ಕೂ ವಿಸ್ತರಣೆ ಇಲ್ಲ ಎಂದಷ್ಟೇ ಇದೆ. ಜನವರಿ ಇಪ್ಪತ್ತರಿಂದ ಈಚೆಗೆ ನಾನು ಯಾರೂ ಅಲ್ಲ. ನಿಮ್ಮ ಹದಿನೇಳು ಜನರ ಒಪ್ಪಂದಕ್ಕೆ ಸಹಿ ಹಾಕಿದ ದಿನವೂ ನಾನು ಯಾರೂ ಆಗಿರಲಿಲ್ಲ.

"ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಉತ್ತರ ಕೊಡ್ತೀನಿ," ಎಂದು ಹೇಳಿ ಇಳಿದೆ.

ಸಂಘದ ಕಚೇರಿಗೆ ಬಂದು ಕೂತಿದ್ದೇ ತಡ, ಕಾರ್ಯದರ್ಶಿ ಬಾಬಿಕರ್ ಬಾಗಿಲು ಹಾಕಿಕೊಂಡ. ಅವನನ್ನು ನೀನು ಬಲ್ಲೆ, ತೂಕದ ಮನುಷ್ಯ, ನನ್ನ ಹಾಗೆ ಸಿಡುಕನಲ್ಲ.

"ಹತ್ತು ದಿನ ಇಖ್ಲಾಸ್, ಬರೀ ಹತ್ತು ದಿನ ಬಾಯಿ ಮುಚ್ಕೊಂಡಿರು. ಹದಿನೈದನೇ ತಾರೀಕು ಹುಡುಗರು ಒಳಗೆ ಬರಲಿ, ದಾಖಲಾಗಲಿ. ಹದಿನಾರಕ್ಕೆ ಚುನಾವಣೆ ಘೋಷಿಸೋಣ, ನಾನೇ ಡಂಗುರ ಹೊಡೀತೀನಿ."

"ನಾಳೆ ಹನ್ನೆರಡಕ್ಕೆ ಅಂತ ಹೇಳಿಬಿಟ್ಟಿದೀನಲ್ಲೋ."

"ಬಾಗಿಲು ಹಾಕಿದ ತಿಂಗಳು ಲೆಕ್ಕಕ್ಕಿಲ್ಲ ಅಂತ ಹೇಳು. ಎಲ್ಲರೂ ಹಾಗೇ ತಿಳ್ಕೊಂಡಿದ್ದಾರೆ, ಒಪ್ತಾರೆ. ಸಿತ್ತನಾಗೆ ಎರಡು ವರ್ಷ ತುಂಬೋದು ಯಾವಾಗ, ನೆನಪಿದೆಯಾ?"

ನೆನಪಿಲ್ಲದೆ ಏನು? ಮಾರ್ಚ್ ಮೂವತ್ತು. ಎರಡು ವರ್ಷ ಹೊರಗಿದ್ದವರು ಮೊದಲನೇ ವರ್ಷದಿಂದ ಮತ್ತೆ ಶುರು ಮಾಡಬೇಕೆಂಬ ನಿಯಮವನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ. ನಾಲ್ಕು ವರ್ಷ ಪಶುವೈದ್ಯ ಓದಿ, ಕೊನೆಯ ವರ್ಷ ಒಂದೇ ಬಾಕಿ ಇರುವವಳು ಹದಿನೆಂಟರ ಮಕ್ಕಳ ಜೊತೆ ಕಪ್ಪೆ ಕೊಯ್ಯುತ್ತಾ ಕೂರಬೇಕು. ನಿಜ ಹೇಳುತ್ತೇನೆ, ಆ ಸಂಜೆ ಅವನ ಮಾತಿಗೆ ಮುಕ್ಕಾಲು ಪಾಲು ಒಪ್ಪಿದ್ದೆ.

ಕಚೇರಿಯಿಂದ ಹೊರಗೆ ಬಂದರೆ ಹಸಬೂ ಮೇಷ್ಟ್ರು ಜಗುಲಿಯ ಮೇಲೆ ಕಲ್ಲಂಗಡಿ ಬೀಜ ಸುಲಿಯುತ್ತಾ ಕೂತಿದ್ದರು. ಸಿಟ್ಟು ಬಂತು.

"ಎರಡು ವಾರ ಕಾದು ಕೇಳಿದ್ರೆ ಏನು ಹೋಗ್ತಿತ್ತು ಮೇಷ್ಟ್ರೇ? ಹದಿನೇಳು ಜನರ ಬದುಕು ಗೊತ್ತಾ ನಿಮಗೆ?"

"ಹದಿನಾರು ಜನರದ್ದು ಗೊತ್ತಿಲ್ಲ. ಒಬ್ಬಂದು ಗೊತ್ತು. ಇಂಜಿನಿಯರಿಂಗಿನ ಮೂಸಾ ನನ್ನ ತಮ್ಮ."

ನಾನು ಅಲ್ಲೇ ಅವರ ಪಕ್ಕ ಕೂತೆ. "ಮತ್ತೆ ಯಾಕೆ ಕೇಳಿದ್ರಿ?"

"ತಾರೀಕು ನನಗೊಬ್ಬನಿಗೇ ಗೊತ್ತಾಗಿದ್ರೆ ಸುಮ್ಮನಿರ್ತಿದ್ದೆ ತಂಗಿ. ಡೀನ್ ಆಫೀಸಿನ ಕ್ಯಾಲೆಂಡರಿನಲ್ಲಿ ಜನವರಿ ಇಪ್ಪತ್ತಕ್ಕೆ ಕೆಂಪು ಸುತ್ತು ಹಾಕಿದ್ದನ್ನ ನನ್ನ ಕಣ್ಣಾರೆ ನೋಡಿದೆ. ಗೊತ್ತಿದ್ದೂ ನಿನ್ನ ಕೈಯಲ್ಲಿ ಫೆಬ್ರವರೀಲಿ ಸಹಿ ಹಾಕಿಸ್ಕೊಂಡಿದ್ದಾರೆ ಅಂದ್ರೆ, ಹಗ್ಗದ ತುದಿ ಅವರ ಕೈಯಲ್ಲಿದೆ ಅಂತ ಅರ್ಥ. ನಾಳೇನೇ ಎಳೀತಾರೆ ನೋಡು."

ಎಳೆದರು. ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಡೀನ್ ಕೋಣೆಯಿಂದ ಕರೆ ಬಂತು. ಕರ್ಕದೆ ಶರಬತ್ತು ತರಿಸಿದರು, ಫ್ಯಾನನ್ನು ನನ್ನ ಕಡೆ ತಿರುಗಿಸಿದರು.

"ಬಾ ಮಗಳೇ. ಯಾವುದೋ ಮೇಷ್ಟ್ರು ತಾರೀಕು ಎಣಿಸ್ತಿದ್ದಾರಂತೆ? ನಾನು ಎಣಿಸಿ ಎರಡು ತಿಂಗಳಾಯ್ತು. ಪಾಪ, ಹುಡುಗಿ ಚೆನ್ನಾಗಿ ಕೆಲಸ ಮಾಡ್ತಿದ್ದಾಳೆ, ಯಾಕೆ ತೊಂದರೆ ಕೊಡೋದು ಅಂತ ಸುಮ್ಮನಿದ್ದೆ."

"ನಿಮ್ಮ ದಯೆ ಡಾಕ್ಟ್ರೇ. ಇವತ್ತು ಮೂಲೇಲಿ ಉತ್ತರ ಕೊಡ್ಬೇಕು ನಾನು."

"ಕೊಡು. ಉತ್ತರ ನಾನೇ ಬರೆದಿಟ್ಟಿದೀನಿ." ಒಂದು ಹಾಳೆ ಮುಂದಕ್ಕೆ ತಳ್ಳಿದರು. ಒಂದೇ ಸಾಲು. ವಿಶ್ವವಿದ್ಯಾಲಯ ಮುಚ್ಚಿರುವ ಅವಧಿಯನ್ನು ಸಂಘದ ಅವಧಿಗೆ ಎಣಿಸತಕ್ಕದ್ದಲ್ಲ. ಕೆಳಗೆ ನನ್ನ ಸಹಿಗೂ ಸಂಘದ ಮೊಹರಿಗೂ ಜಾಗ ಬಿಟ್ಟಿದ್ದರು. "ಇದಕ್ಕೆ ಮೊಹರು ಬಿದ್ರೆ ಫೆಬ್ರವರಿ ಒಪ್ಪಂದ ಗಟ್ಟಿ. ನಿನ್ನ ಹದಿನೇಳೂ ಜನ ಭಾನುವಾರ ಒಳಗೆ. ಬೀಳದಿದ್ರೆ ಅವತ್ತು ನೀನು ಯಾರು, ನಾನು ಯಾರ ಜೊತೆ ಸಹಿ ಮಾಡಿದೆ, ನೀನೇ ಹೇಳು."

ಸಿತ್ತನಾ, ಆ ಸಾಲನ್ನು ಮೂರು ಸಲ ಓದಿದೆ. ಮೊದಲ ಸಲ ನಿನ್ನ ಮುಖ ಕಂಡಿತು. ಎರಡನೇ ಸಲವೂ ನಿನ್ನದೇ. ಮೂರನೇ ಸಲ ಓದುವಾಗ ತಲೆ ಕೆಲಸ ಮಾಡಿತು. ಬಾಗಿಲು ಹಾಕುವವರು ಯಾರು? ಅವರೇ. ಬಾಗಿಲು ಹಾಕಿದಾಗ ನಮ್ಮ ಗಡಿಯಾರ ನಿಲ್ಲುವುದಾದರೆ, ತಮಗೆ ಹಿಡಿಸಿದ ಸಂಘವನ್ನು ಅವರು ಬೇಕಾದಷ್ಟು ವರ್ಷ ಕೂರಿಸಿಕೊಳ್ಳಬಹುದು. ಚುನಾವಣೆ ಹತ್ತಿರ ಬಂತೋ, ಬೀಗ ಹಾಕು. ಕೂತವರು ಕೂತೇ ಇರುತ್ತಾರೆ, ಶರಬತ್ತು ಕುಡಿಯುತ್ತಾರೆ, ಕೊಟ್ಟಲ್ಲಿ ಮೊಹರು ಒತ್ತುತ್ತಾರೆ. ಸಂಘ ಮೂರು ಸಾವಿರ ವಿದ್ಯಾರ್ಥಿಗಳದ್ದಾಗಿ ಉಳಿಯುವುದಿಲ್ಲ, ಡೀನ್ ಕೋಣೆಯ ಇನ್ನೊಂದು ಕುರ್ಚಿಯಾಗುತ್ತದೆ. ಆ ಕುರ್ಚಿಯಲ್ಲಿ ಕೂತ ಮೊದಲಿಗಳು ನಾನೇ ಆಗಿರುತ್ತಿದ್ದೆ.

"ಇದಕ್ಕೆ ಸಹಿ ಹಾಕೋ ಅಧಿಕಾರ ನನಗಿಲ್ಲ ಡಾಕ್ಟ್ರೇ," ಎಂದೆ. "ನನ್ನ ಅವಧಿ ಮುಗಿದಿದೆ. ನೀವೇ ಎಣಿಸಿದ್ದೀರಲ್ಲ."

ಅವರು ನಗುವುದನ್ನು ನಿಲ್ಲಿಸಿದರು. ನಾನು ಆ ಹಾಳೆ ಹಿಡಿದುಕೊಂಡೇ ಎದ್ದು ಬಂದೆ. ಶರಬತ್ತು ಮಾತ್ರ ಪೂರ್ತಿ ಕುಡಿದೇ ಬಂದೆ.

ಹನ್ನೆರಡಕ್ಕೆ ಮೂಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಹಾಸಭೆಗೆ ಸಾವಿರ ಜನ ಸಾಕು, ಅಲ್ಲಿ ಸಾವಿರದ ಮುನ್ನೂರಕ್ಕಿಂತ ಹೆಚ್ಚಿತ್ತು. ಗ್ರಂಥಾಲಯದ ಕಿಟಕಿಗಳಲ್ಲೂ ತಲೆಗಳು. ನಾನು ಸ್ಟೂಲು ಹತ್ತಿ, ತಾರೀಕು, ಒಪ್ಪಂದ, ಡೀನ್ ಕೊಟ್ಟ ಹಾಳೆ, ಎಲ್ಲವನ್ನೂ ಹೇಳಿದೆ. ನನ್ನ ಅವಧಿ ಮುಗಿದಿದೆ, ಒಂದೂವರೆ ತಿಂಗಳು ನಿಮ್ಮ ಹೆಸರಿನಲ್ಲಿ ಅಧಿಕಾರವಿಲ್ಲದೆ ಮಾತಾಡಿದ್ದೇನೆ, ಅದು ನನ್ನ ತಪ್ಪು ಎಂದೆ.

ಆಮೇಲೆ ನನ್ನನ್ನು ಹುರಿದು ಮುಕ್ಕಿದರು. ಎರಡೂವರೆ ಗಂಟೆ ನಿಂತಿದ್ದೆ. "ಕಾನೂನು ಓದೋಳಿಗೆ ಕ್ಯಾಲೆಂಡರ್ ಓದೋಕ್ಕೆ ಬರಲ್ವಾ?" ಎಂದು ಒಬ್ಬ. "ನಿನ್ನ ಹಠಕ್ಕೆ ಹದಿನೇಳು ಜನ ಬಲಿಯಾಗ್ಬೇಕಾ?" ಎಂದು ಇನ್ನೊಬ್ಬ. ಹೊರಹಾಕಿದವರಲ್ಲಿ ಒಬ್ಬನ ಅಕ್ಕ ನಮ್ಮ ವಸತಿಗೃಹದಲ್ಲೇ ಇದ್ದಾಳೆ. ಅವಳು ಮುಂದೆ ಬಂದು, "ನನ್ನ ತಮ್ಮನಿಗೆ ಈ ಸುದ್ದೀನ ನೀನೇ ಬರೀಬೇಕು, ಸಂಘದ ಹಾಳೇಲಿ ಅಲ್ಲ, ನಿನ್ನ ಸ್ವಂತ ಕೈಬರಹದಲ್ಲಿ," ಎಂದಳು. ಬರೆಯುತ್ತೇನೆ ಎಂದೆ. ಹದಿನಾರು ಪತ್ರ ಶುಕ್ರವಾರವೇ ಬರೆದು ಮುಗಿಸಿದೆ, ನಿನ್ನದೊಂದು ಬಿಟ್ಟು.

ಆದರೆ ಮುಂದೆ ಏನಾಯಿತು ಕೇಳು! ಡೀನ್ ಹಾಳೆಯ ಸಾಲನ್ನು ಹಸಬೂ ಮೇಷ್ಟ್ರು ಗಟ್ಟಿಯಾಗಿ ಓದಿ, "ಇದಕ್ಕೆ ಒಪ್ಪೋರು ಕೈಯೆತ್ತಿ," ಎಂದರು. ಒಂಬತ್ತು ಕೈ ಬಂತು, ಅದರಲ್ಲಿ ಬಾಬಿಕರನದೂ ಒಂದು. ಒಪ್ಪದವರು ಕೈಯೆತ್ತಿದಾಗ ಬೇವಿನ ಮರದ ಕೆಳಗಿನ ಕೊಂಬೆ ಕಾಣಲಿಲ್ಲ. ಅದನ್ನು ನೋಡಿ ಅತ್ತೆ ಕಣೇ, ಸ್ಟೂಲಿನ ಮೇಲೇ ನಿಂತು ಅತ್ತೆ. "ಹಳಸಿದ್ರೂ ಪರವಾಗಿಲ್ಲ, ಹುಡುಗಿಗೆ ಉಪ್ಪಿದೆ," ಎಂದು ಹವ್ವಾ ನನಗೆ ಒಂದು ಲೋಟ ಚಹಾ ಕೊಟ್ಟಳು. ಕಚೇರಿಯ ಬೀಗದ ಕೈ, ಮೊಹರು ಎರಡನ್ನೂ ಸ್ಟೂಲಿನ ಮೇಲಿಟ್ಟು ಕೆಳಗಿಳಿದೆ. ಸಭೆ ಅಲ್ಲೇ ಐದು ಜನ ಚುನಾವಣಾಧಿಕಾರಿಗಳನ್ನು ಆರಿಸಿತು. ಮೇಷ್ಟ್ರನ್ನು ಆರಿಸಲು ಹೋದರೆ, ತಮ್ಮ ಹೊರಗಿದ್ದಾನೆ, ಅದು ಸರಿಹೋಗುವುದಿಲ್ಲ ಎಂದು ಅವರೇ ತಮ್ಮ ಹೆಸರಿಗೆ ಕ್ರಿಯಾಲೋಪ ಎತ್ತಿ ಕೂತರು.

ಮಾರ್ಚ್ ಇಪ್ಪತ್ತಾರು, ಗುರುವಾರ, ಚುನಾವಣೆ. ಮೂವತ್ತಕ್ಕೆ ನಾಲ್ಕು ದಿನ ಉಳಿಯುತ್ತದೆ. ಹೊಸ ಸಂಘ ಪ್ರಮಾಣ ಮಾಡಿದ ಗಳಿಗೆಯಿಂದ ಹದಿನೇಳು ಜನರ ವಿಚಾರ ಬಿಟ್ಟು ಬೇರೆ ಯಾವುದನ್ನೂ ಮುಟ್ಟಬಾರದು ಎಂದು ಸಭೆ ಕಟ್ಟಪ್ಪಣೆ ಮಾಡಿದೆ. ಒಪ್ಪಂದ ರದ್ದು ಎಂದು ಡೀನ್ ಶನಿವಾರ ಫಲಕಕ್ಕೆ ಹಾಕಿಸಿದರು. ಅದರ ಕೆಳಗೆ, ಹದಿನೇಳು ಜನ ಇಲ್ಲದೆ ಪರೀಕ್ಷೆಯ ಕೋಣೆಗೆ ಕಾಲಿಡುವುದಿಲ್ಲ ಎಂದು ಬರೆದು ಹುಡುಗರು ಸಹಿ ಹಾಕುತ್ತಿದ್ದಾರೆ. ಇವತ್ತು ಮಧ್ಯಾಹ್ನಕ್ಕೆ ಎಂಟುನೂರು ದಾಟಿದೆ. ಅವರಿಗೆ ಹೇಳಿಕೊಟ್ಟವಳು ನಾನಲ್ಲ, ನನ್ನನ್ನು ಈಗ ಯಾರೂ ಕೇಳುವುದೂ ಇಲ್ಲ. ಊಟಕ್ಕೆ ಎಲ್ಲರ ಜೊತೆ ಸರದಿಯಲ್ಲಿ ನಿಲ್ಲುತ್ತೇನೆ. ಬಾಬಿಕರ್ ಎದುರಿಗೆ ಸಿಕ್ಕರೆ ದಾರಿ ಬದಲಿಸುತ್ತಾನೆ.

ಇನ್ನೊಂದು ವಿಷಯ. ವಿಚಾರಣೆ ಇಲ್ಲದೆ ಹೊರಹಾಕಿದವರು ಡೀನ್ ದಾಖಲೆಯಲ್ಲಿ ಇರಲಿ ಬಿಡಲಿ, ಸಂಘದ ಸದಸ್ಯರೇ ಎಂದು ಸಭೆ ತೀರ್ಮಾನ ಮಾಡಿದೆ. ನಿನ್ನ ಹೆಸರು ಮತದಾರರ ಪಟ್ಟಿಗೆ ಏರಿದೆ, ಇವತ್ತು ಬೆಳಗ್ಗೆ ನಾನೇ ಹೋಗಿ ನೋಡಿ ಬಂದೆ. ಶನಿವಾರದ ರೈಲು ಬೇಡ, ಇಪ್ಪತ್ತೈದರ ರೈಲು ಹತ್ತು. ಟ್ರಂಕು ತಗೊಂಡೇ ಬಾ. ದ್ವಾರದಲ್ಲಿ ಕಾವಲುಗಾರರು ತಡೆದರೆ ಮತಪೆಟ್ಟಿಗೆಯನ್ನು ದ್ವಾರಕ್ಕೇ ತರುತ್ತೇವೆ ಎಂದು ಚುನಾವಣಾಧಿಕಾರಿಗಳು ಹೇಳಿದ್ದಾರೆ. ತಡೆಯಲಿ ನೋಡೋಣ. ಬೀದಿಯಲ್ಲಿ ನಿಂತು ಮತ ಹಾಕುವ ಹದಿನೇಳು ಜನರನ್ನು ಇಡೀ ಖಾರ್ತೂಮ್ ನೋಡಲಿ.

ನೀನು ಸಿಟ್ಟಾಗುತ್ತೀ. ಆಗು, ಬೈದು ಬರೆ, ಬರೆಯದೆ ಬಂದು ಎದುರಿಗೇ ಬೈದರೆ ಇನ್ನೂ ಒಳ್ಳೆಯದು. ಆದರೆ ಆ ಹಾಳೆಗೆ ಮೊಹರು ಒತ್ತಬೇಕಿತ್ತು ಎಂದು ಮಾತ್ರ ಹೇಳಬೇಡ. ನಾಳೆ ಮತ್ತೆ ಅದೇ ಕೋಣೆಯಲ್ಲಿ ಕೂರಿಸಿದರೂ ನಾನು ಒತ್ತುವುದಿಲ್ಲ.

ಅಮ್ಮನ ಕೈಗೆ ನನ್ನ ಮುತ್ತು. ಅವರು ಕಿಸ್ರಾ ರೊಟ್ಟಿ ಹೊಯ್ಯುವಾಗ ಒಲೆಯ ಮುಂದೆ ಹೆಚ್ಚು ಹೊತ್ತು ಕೂರಬೇಡಿ ಎಂದು ಹೇಳು, ಹೊಗೆ ಎದೆಗೆ ಒಳ್ಳೆಯದಲ್ಲ. ದೇವರು ನಿನ್ನ ದಾರಿಯ ಬಾಗಿಲುಗಳನ್ನೆಲ್ಲ ತೆರೆಯಲಿ, ತೆರೆಯದ ಬಾಗಿಲನ್ನು ಒದೆಯುವ ಕಾಲು ಕೊಡಲಿ.

ನಿನ್ನ
ಇಖ್ಲಾಸ್

ತಾ.ಕ.: ಮೂಲೆಯಲ್ಲಿ ಎಲ್ಲವನ್ನೂ ಹೇಳಿದೆ ಎಂದು ಮೇಲೆ ಬರೆದಿದ್ದೇನೆ. ಒಂದನ್ನು ಹೇಳಲಿಲ್ಲ, ಬಾಬಿಕರನಿಗೂ ಹೇಳಿಲ್ಲ. ನಾನು ಎದ್ದು ಬಾಗಿಲ ತನಕ ಹೋದ ಮೇಲೆ ಡೀನ್ ಮತ್ತೆ ಕರೆದರು. "ಹದಿನಾರು ಜನರ ವಿಷಯ ಬಿಡು. ಆ ಪಶುವೈದ್ಯದ ಹುಡುಗಿ ನಿನ್ನ ಗೆಳತಿ ಅಲ್ವಾ? ನೀನು ಮೂಲೇಲಿ ಏನು ಬೇಕಾದ್ರೂ ಹೇಳ್ಕೋ, ನನ್ನ ಹಾಳೆ ವಿಷಯ ಒಂದು ಎತ್ತಬೇಡ, ಅವಳೊಬ್ಬಳನ್ನ ನಾನು ಸುಮ್ಮನೆ ಒಳಗೆ ತಗೋತೀನಿ," ಎಂದರು. ಮೇಜಿನ ಮೇಲಿದ್ದ ಫೋನನ್ನು ನನ್ನ ಕಡೆ ತಿರುಗಿಸಿ, "ಅತ್ಬರಾ ಸ್ಟೇಷನ್ನಿಗೆ ಹಚ್ಚಿಸ್ತೀನಿ, ಅವಳನ್ನ ಕರೆಸಿ ಕೇಳು, ಮಧ್ಯಾಹ್ನದವರೆಗೂ ಟೈಮಿದೆ," ಎಂದರು. "ಕೇಳೋದು ಬೇಕಾಗಿಲ್ಲ ಡಾಕ್ಟ್ರೇ, ಅವಳು ಒಪ್ಪಲ್ಲ," ಎಂದು ಹೇಳಿ ಬಂದೆ. ಎಲ್ಲರೂ ಅದನ್ನು ಕೇಳಿದ್ದರೆ ನನ್ನನ್ನು ಹೊಗಳುತ್ತಿದ್ದರು, ಅದಕ್ಕೇ ಹೇಳಲಿಲ್ಲ. ಆ ಹೊಗಳಿಕೆ ನನಗೆ ಸಲ್ಲುವುದಿಲ್ಲ, ಯಾಕೆಂದರೆ ನೀನು ಒಪ್ಪುತ್ತಿದ್ದೆ ಸಿತ್ತನಾ. ಎರಡು ವರ್ಷ ಮನೆಯಲ್ಲಿ ಕೂತವಳು, ಯಾಕೆ ಒಪ್ಪುವುದಿಲ್ಲ? ನಿನ್ನ ಬಾಯಿಂದ ಹೂಂ ಎಂದು ಕೇಳಿಸಿಕೊಂಡಿದ್ದರೆ ಮೂಲೆಯಲ್ಲಿ ಆ ಹಾಳೆಯ ಮಾತೆತ್ತಲು ನನ್ನಿಂದ ಆಗುತ್ತಿರಲಿಲ್ಲ. ಮೂರು ಸಾವಿರ ಜನರನ್ನು ಕೇಳದೆ ಒಂದು ಸಾಲಿಗೂ ಸಹಿ ಹಾಕುವುದಿಲ್ಲ ಎಂದು ಎದೆ ಸೆಟೆಸಿ ನಿಂತವಳು, ನಿನ್ನೊಬ್ಬಳ ಪರವಾಗಿ ಮಾತ್ರ ನಿನ್ನನ್ನು ಕೇಳದೆಯೇ ಉತ್ತರ ಕೊಟ್ಟು ಬಂದೆ.